ಆಕಾಶದಲ್ಲಿ ಊರು, ಕೈಯಲ್ಲಿ ಕೋವಿ

ಹತ್ತು ಜನ ಮೆಚ್ಚಿದ ಕೃತಿಯನ್ನು ಒಪ್ಪದೆ ಇರುವವನ ಮೇಲೆ ಸಾಮಾನ್ಯವಾಗಿ ಎರಡು ಅನುಮಾನಗಳು ಹುಟ್ಟುತ್ತವೆ. ಒಂದು, ಅವನಿಗೆ ಕೃತಿ ಅರ್ಥವಾಗಿಲ್ಲ. ಎರಡು, ಅರ್ಥವೇನೋ ಆಗಿದೆ, ಆದರೆ ಹತ್ತರ ಜೊತೆಗೆ ಹನ್ನೊಂದನೆಯವನಾಗುವುದು ಅವನಿಗೆ ಬೇಕಿಲ್ಲ. ಈ ಎರಡು ಅನುಮಾನಗಳೂ ಅನೇಕ ವೇಳೆ ನಿಜವೇ ಆಗಿರುವುದರಿಂದ ಅವುಗಳನ್ನು ತಳ್ಳಿಹಾಕಲು ನಾನು ಹೊರಟಿಲ್ಲ. ಆದರೆ ಮೂರನೆಯದೂ ಒಂದುಂಟು. ಹತ್ತು ಜನ ಮೆಚ್ಚಿದ್ದು ಕೃತಿಯಲ್ಲಿ ಇದ್ದುದನ್ನಲ್ಲ, ಇದ್ದರೆ ಚೆನ್ನಾಗಿತ್ತು ಎಂದು ತಾವು ಬಹುಕಾಲದಿಂದ ಹಾರೈಸುತ್ತಿದ್ದುದನ್ನು. 'ಬಯೋಶಾಕ್ ಇನ್ಫಿನಿಟ್' ಎಂಬ ವಿಡಿಯೋ ಆಟಕ್ಕೆ ಸಂದ ಕೀರ್ತಿ ಈ ಮೂರನೆಯ ಬಗೆಯದು ಎಂದು ನನ್ನ ಅಭಿಪ್ರಾಯ.

ಸಾಹಿತ್ಯದ ಪುಟದಲ್ಲಿ ಹುಡುಗರಾಟದ ಮಾತೇಕೆ ಎಂದು ಕೇಳುವವರಿಗೆ ಉತ್ತರ ಸುಲಭ. ಈ ಆಟ ತಾನಾಗಿಯೇ ಬಂದು ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಕುಳಿತಿದೆ. ಕುಳಿತವರನ್ನು ವಿಚಾರಿಸಿಕೊಳ್ಳುವುದು ಮರ್ಯಾದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಇರ್ರ್ಯಾಷನಲ್ ಗೇಮ್ಸ್ ಸಂಸ್ಥೆ ಕೆನ್ ಲೆವೀನ್ ಅವರ ನಿರ್ದೇಶನದಲ್ಲಿ ಇದನ್ನು ಸಿದ್ಧಪಡಿಸಿ 2013ರ ಮಾರ್ಚ್ 26ರಂದು ಹೊರತಂದಿತು. ವಿಮರ್ಶಕರು ಕೊಟ್ಟ ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್ ಎಂಬಲ್ಲಿ ಇದಕ್ಕೆ ದೊರೆತದ್ದು ನೂರಕ್ಕೆ ತೊಂಬತ್ತನಾಲ್ಕರ ಆಸುಪಾಸು. ಮಾರಾಟವಾದ ಪ್ರತಿಗಳು ಒಂದು ಕೋಟಿಯನ್ನು ದಾಟಿವೆ. ಜನಾಂಗದ್ವೇಷ, ಧರ್ಮಾಂಧತೆ, ಕ್ರಾಂತಿ, ಪಾಪ, ಪ್ರಾಯಶ್ಚಿತ್ತ, ವಿಧಿ, ಸ್ವಾತಂತ್ರ್ಯ ಇವೆಲ್ಲವನ್ನೂ ಕುರಿತು ಆಳವಾಗಿ ಚಿಂತಿಸಿದ ಆಟವೆಂದು ಅಂದು ಬಂದ ಹೊಗಳಿಕೆಗೆ ಲೆಕ್ಕವಿಲ್ಲ. ಇಷ್ಟು ದೊಡ್ಡ ಪಟ್ಟಿ ಯಾವ ಕೃತಿಗೆ ಅಂಟಿದರೂ ಒಮ್ಮೆ ಸಂಶಯಪಡುವುದು ಒಳ್ಳೆಯದು.

ಈ ಜಾತಿಯ ಆಟಗಳನ್ನು ಆಡಿಲ್ಲದವರಿಗಾಗಿ ಎರಡು ಮಾತು. ಇವುಗಳಿಗೆ ಶೂಟರ್ ಎಂದು ಹೆಸರು. ಪರದೆಯೇ ಆಟಗಾರನ ಕಣ್ಣು. ಕಥಾನಾಯಕನ ಮುಖ ಕಾಣುವುದಿಲ್ಲ. ಅವನ ಕೈ ಕಾಣುತ್ತದೆ, ಕೈಯಲ್ಲಿ ಹಿಡಿದ ಕೋವಿ ಕಾಣುತ್ತದೆ. ನಡೆಯುವುದು, ನೋಡುವುದು, ಸುಡುವುದು ಈ ಮೂರೇ ಈ ಪ್ರಕಾರದ ಛಂದಸ್ಸು. ಷಟ್ಪದಿಯಲ್ಲಿ ಬರೆಯಲು ಒಪ್ಪಿಕೊಂಡವನು ಆರು ಸಾಲುಗಳಿವೆಯೆಂದು ಗೊಣಗುವಂತಿಲ್ಲ; ಓದುವವನೂ ಗೊಣಗುವಂತಿಲ್ಲ. ಆದುದರಿಂದ ಆಟದಲ್ಲಿ ಕೋವಿಯಿದೆ, ಕೊಲೆಯಿದೆ ಎಂಬುದು ನನ್ನ ದೂರಲ್ಲ. ಹೇಳಹೊರಟ ಮಾತಿಗೂ ಆರಿಸಿಕೊಂಡ ಛಂದಸ್ಸಿಗೂ ಏನಾದರೂ ಸಂಬಂಧವಿದೆಯೆ ಎಂಬುದು ನನ್ನ ಪ್ರಶ್ನೆ.

ಕಥೆ ತೊಡಗುವುದು 1912ರಲ್ಲಿ. ಬುಕರ್ ಡಿವಿಟ್ ಎಂಬಾತ ಹಳೆಯ ಸೈನಿಕ. ಆಮೇಲೆ ಖಾಸಗಿ ಪತ್ತೇದಾರಿ ಸಂಸ್ಥೆಯೊಂದರಲ್ಲಿ ಕೂಲಿಗೆ ದುಡಿದು, ಅಲ್ಲಿಂದಲೂ ಹೊರಬಿದ್ದು, ಜೂಜಿನಲ್ಲಿ ಸೋತು ಸಾಲದಲ್ಲಿ ಮುಳುಗಿದವನು. ಒಬ್ಬ ಹುಡುಗಿಯನ್ನು ತಂದೊಪ್ಪಿಸಿದರೆ ಸಾಲ ಮನ್ನಾ ಎಂಬ ಕರಾರಿನ ಮೇಲೆ ಅವನನ್ನು ಮಳೆಯ ರಾತ್ರಿಯಲ್ಲಿ ದೋಣಿಗೆ ಹತ್ತಿಸಿ ಮೈನ್ ಕರಾವಳಿಯ ದೀಪಸ್ತಂಭವೊಂದಕ್ಕೆ ತಂದು ಬಿಡುತ್ತಾರೆ. ಅಲ್ಲಿಂದ ಆಕಾಶಕ್ಕೆ ಚಿಮ್ಮಿದಾಗ ಮೋಡಗಳ ಮೇಲೆ ಕಾಣಿಸುವುದೇ ಕೊಲಂಬಿಯಾ ಎಂಬ ತೇಲುವ ನಗರ. 1893ರಲ್ಲಿ ಷಿಕಾಗೋದಲ್ಲಿ ಕೊಲಂಬಸನ ನಾನ್ನೂರನೆಯ ವರ್ಷದ ನೆನಪಿಗೆ ನಿಜವಾಗಿಯೂ ನಡೆದ ದೊಡ್ಡ ವಸ್ತುಪ್ರದರ್ಶನವನ್ನು, ಅದರ ಬೆಳ್ಳಗಿನ ಸೌಧಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ನಗರವನ್ನು ಕಲ್ಪಿಸಿದ್ದಾರೆ. ಕಥೆಯ ಪ್ರಕಾರ ಆ ಪ್ರದರ್ಶನದ ಹೊತ್ತಿಗೆ ಅಮೆರಿಕದ ಹೆಮ್ಮೆಯಾಗಿ ಮೇಲೆದ್ದ ಊರು ಬಾಕ್ಸರ್ ದಂಗೆಯ ಕಾಲದಲ್ಲಿ ಪೀಕಿಂಗಿನ ಮೇಲೆ ಬೆಂಕಿ ಸುರಿಸಿ, ಛೀಮಾರಿ ಹಾಕಿಸಿಕೊಂಡು, ತನ್ನ ದೇಶದಿಂದಲೇ ಬೇರೆಯಾಗಿ ಮುಗಿಲುಗಳ ನಡುವೆ ಕಣ್ಮರೆಯಾಗಿದೆ. ಈಗ ಅದನ್ನು ಆಳುವವನು ತಾನು ಪ್ರವಾದಿಯೆಂದು ಹೇಳಿಕೊಳ್ಳುವ ಕಾಮ್‌ಸ್ಟಾಕ್.

ಮೊದಲ ಒಂದು ಗಂಟೆಯ ಆಟ ಸೊಗಸಾಗಿದೆ ಎಂಬುದನ್ನು ಸಂಕೋಚವಿಲ್ಲದೆ ಹೇಳಬೇಕು. ನೀರು ತುಂಬಿದ ಗುಡಿಯಲ್ಲಿ ಸಾಲುದೀಪಗಳು; ಬಿಳಿಯುಟ್ಟವರ ಹಾಡು; ಊರೊಳಗೆ ಕಾಲಿಡುವ ಮುನ್ನ ದೀಕ್ಷಾಸ್ನಾನ. ಹೊರಗೆ ಬಂದರೆ ಬಿಸಿಲು, ಬಾವುಟ, ಜಾತ್ರೆ. ಮನೆಗಳೂ ಅಂಗಡಿಗಳೂ ಒಂದಕ್ಕೊಂದು ತೇಲಿಬಂದು ಕೂಡಿಕೊಳ್ಳುತ್ತವೆ, ಮತ್ತೆ ಬಿಟ್ಟುಹೋಗುತ್ತವೆ. ವಾಷಿಂಗ್ಟನ್, ಫ್ರಾಂಕ್ಲಿನ್, ಜೆಫರ್ಸನ್ ಮೂವರೂ ದೇವತೆಗಳಾಗಿ ನಿಂತಿದ್ದಾರೆ. ಅವರ ಎದುರಿಗೆ ಜನ ಮೊಣಕಾಲೂರಿದ್ದಾರೆ. ಇನ್ನೊಂದು ಕಡೆ ಲಿಂಕನ್ನನನ್ನು ಕೊಂದ ಬೂತ್‌ನಿಗೂ ಒಂದು ಮೂರ್ತಿಯುಂಟು. ತೇಲುವ ದೋಣಿಯ ಮೇಲೆ ನಾಲ್ವರು ನಿಂತು ಹಾಡುವ ಹಾಡು 1966ರಲ್ಲಿ ಬೀಚ್ ಬಾಯ್ಸ್ ತಂಡದವರು ಹಾಡಿದ್ದು. 1912ರಲ್ಲಿ ಅದು ಹೇಗೆ ಬಂತು ಎಂಬ ಪ್ರಶ್ನೆಯನ್ನು ಕಿವಿಯಲ್ಲಿ ಇಟ್ಟುಕೊಂಡೇ ಆಟಗಾರ ಮುಂದೆ ನಡೆಯುತ್ತಾನೆ. ಒಂದು ರಾಷ್ಟ್ರ ತನ್ನನ್ನು ತಾನೇ ಪೂಜಿಸಿಕೊಳ್ಳತೊಡಗಿದರೆ ಅದರ ಬೀದಿಗಳು ಹೇಗೆ ಕಾಣುತ್ತವೆ ಎಂಬುದನ್ನು ಇಷ್ಟು ಕಣ್ಣಿಗೆ ಕಟ್ಟುವಂತೆ ಚಿತ್ರಿಸಿದ ಇನ್ನೊಂದು ಆಟ ನನಗೆ ತಿಳಿದಿಲ್ಲ.

ಜಾತ್ರೆಯ ಕೊನೆಯಲ್ಲಿ ಒಂದು ಲಾಟರಿ. ಬುಕರನ ಕೈಗೆ ಒಂದು ಚೆಂಡು ಬರುತ್ತದೆ, ಎಪ್ಪತ್ತೇಳನೆಯ ಸಂಖ್ಯೆ. ಅದಕ್ಕೇ ಬಹುಮಾನ. ಬಹುಮಾನವೇನೆಂದರೆ, ವೇದಿಕೆಯ ಮೇಲೆ ಕಟ್ಟಿ ತಂದ ಬಿಳಿಯ ಗಂಡಸು ಮತ್ತು ಕರಿಯ ಹೆಂಗಸು ಇಬ್ಬರ ಮೇಲೆ ಮೊದಲ ಚೆಂಡೆಸೆಯುವ ಹಕ್ಕು. ಪ್ರೀತಿಸಿದ್ದು ಅವರ ಅಪರಾಧ. ಸುತ್ತ ನಿಂತವರು ಯಾರೂ ರಾಕ್ಷಸರಲ್ಲ. ಈಗತಾನೆ ನಮಗೆ ನಗುತ್ತ ಶುಭ ಕೋರಿದ ಗೃಹಸ್ಥರು, ಗೃಹಿಣಿಯರು. ಇಲ್ಲಿ ಆಟ ನಿಂತು ಕೇಳುತ್ತದೆ: ಚೆಂಡನ್ನು ಆ ಜೋಡಿಯ ಮೇಲೆ ಎಸೆಯುತ್ತೀಯೋ, ನಡೆಸುತ್ತಿರುವ ಧಣಿಯ ಮೇಲೆ ಎಸೆಯುತ್ತೀಯೋ? ಎದೆ ಹೊಡೆದುಕೊಳ್ಳುವ ಗಳಿಗೆಯದು.

ಆದರೆ ಏನನ್ನು ಆರಿಸಿಕೊಂಡರೂ ಚೆಂಡು ಕೈಬಿಡುವುದಿಲ್ಲ. ಪೋಲೀಸಿನವನೊಬ್ಬ ಬುಕರನ ಮುಂಗೈಯ ಮೇಲಿನ ಮುದ್ರೆಯನ್ನು ಕಂಡು ಕೈ ಹಿಡಿಯುತ್ತಾನೆ. ಪ್ರವಾದಿ ಎಚ್ಚರಿಸಿದ್ದ ಸುಳ್ಳು ಕುರುಬ ಇವನೇ ಎಂದು ಗದ್ದಲವೇಳುತ್ತದೆ. ಮರುಕ್ಷಣದಲ್ಲಿ ಬುಕರ್ ತಿರುಗುವ ಕಬ್ಬಿಣದ ಕೊಕ್ಕೆಯೊಂದನ್ನು ಕಿತ್ತುಕೊಂಡು ಆ ಪೋಲೀಸಿನವನ ಮುಖವನ್ನು ಅರೆದುಬಿಡುತ್ತಾನೆ. ರಕ್ತ ಪರದೆಗೆ ಸಿಡಿಯುತ್ತದೆ. ಅಲ್ಲಿಂದ ಮುಂದೆ ಹತ್ತಾರು ಗಂಟೆಗಳ ಕಾಲ ಆಟ ಬಿಡುವಿಲ್ಲದೆ ಮಾಡಿಸುವ ಕೆಲಸ ಅದೊಂದೇ. ಆ ಜೋಡಿಯ ಮಾತು? ನಾವು ಧಣಿಯ ಕಡೆ ಚೆಂಡು ತಿರುಗಿಸಿದ್ದರೆ ಮುಂದೆಲ್ಲೋ ಅವರು ಸಿಕ್ಕು ವಂದನೆ ಹೇಳಿ ಒಂದು ಉಡುಗೊರೆ ಕೊಡುತ್ತಾರೆ. ಅವರ ಮೇಲೆ ತಿರುಗಿಸಿದ್ದರೂ ನಷ್ಟವಿಲ್ಲ, ಉಡುಗೊರೆ ಕೊಡುವವರು ಬೇರೆ, ಅಷ್ಟೆ. ಇಷ್ಟು ದೊಡ್ಡ ನೋವನ್ನು ವೇದಿಕೆಗೆ ತಂದು ಕಡೆಗೆ ಅದರಿಂದ ಒಂದು ಪೊಟ್ಟಣದ ಕೆಲಸ ಮಾಡಿಸಿಕೊಂಡರಲ್ಲ ಎಂದು ಬೇಸರವಾಗುತ್ತದೆ.

2007ರಲ್ಲಿ ಕ್ಲಿಂಟ್ ಹಾಕಿಂಗ್ ಎಂಬ ಆಟಗಳ ನಿರ್ಮಾಪಕರು ಇದೇ ಸಾಲಿನ ಮೊದಲ ಆಟವಾದ 'ಬಯೋಶಾಕ್' ಕುರಿತು ಬರೆಯುತ್ತ, ಆಟದ ಕ್ರಿಯೆ ಹೇಳುವುದಕ್ಕೂ ಕಥೆ ಹೇಳುವುದಕ್ಕೂ ಇರುವ ವಿರಸಕ್ಕೆ ನಾಲಗೆ ತೊಡರುವಂಥ ಇಂಗ್ಲಿಷ್ ಹೆಸರೊಂದನ್ನು ಇಟ್ಟಿದ್ದರು. ನಮ್ಮ ಆಲಂಕಾರಿಕರಾದರೆ ಅನೌಚಿತ್ಯವೆಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಹೆಸರು ಯಾವುದಾದರೂ ಆಗಲಿ, ರೋಗ ಅದೇ. 'ಇನ್ಫಿನಿಟ್' ಬಂದ ಹೊಸತರಲ್ಲೇ ಹಿಂಸೆ ಅತಿಯಾಯಿತೆಂದು ಕೆಲವರು ಗೊಣಗಿದ್ದುಂಟು. ಅದಕ್ಕೆ ಉಳಿದವರು ಕೊಟ್ಟ ಸಮಾಧಾನ, ಯುದ್ಧದ ಕಥೆಯಲ್ಲಿ ಹೆಣಗಳಿರದೆ ಇನ್ನೇನಿರುತ್ತದೆ ಎಂದು. ಈ ಸಮಾಧಾನ ಕನ್ನಡಿಗರ ಮುಂದೆ ನಿಲ್ಲುವುದು ಕಷ್ಟ.

ಹೆಣಗಳ ನಡುವೆ ನಡೆಯುವ ಕಥಾನಾಯಕನನ್ನು ನಾವು ಸಾವಿರ ವರ್ಷಗಳಿಂದ ಬಲ್ಲೆವು. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಜೊತೆಗೆ ರಣರಂಗವನ್ನು ದಾಟಿ ಭೀಷ್ಮನ ಕಡೆಗೆ ನಡೆದುಹೋಗುತ್ತಾನೆ. ದಾರಿಯುದ್ದಕ್ಕೂ ಹೆಣಗಳೇ. ಆದರೆ ಒಂದೊಂದು ಹೆಣವೂ ಅವನನ್ನು ತಡೆದು ನಿಲ್ಲಿಸುತ್ತದೆ: ಇದು ದ್ರೋಣ, ಇದು ದುಶ್ಶಾಸನ, ಇದು ಮಗ ಲಕ್ಷಣ, ಇದು ಕರ್ಣ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆಯೂ ಅವನು ನಿಲ್ಲುತ್ತಾನೆ, ನಿಂತು ತಲೆಬಾಗುತ್ತಾನೆ. ಆ ನಡಿಗೆ ಮುಗಿಯುವ ಹೊತ್ತಿಗೆ ಯುದ್ಧವೆಂದರೆ ಏನೆಂಬುದು ಅವನಿಗೂ ಗೊತ್ತಾಗಿರುತ್ತದೆ, ನಮಗೂ ಗೊತ್ತಾಗಿರುತ್ತದೆ. ಬುಕರ್ ಡಿವಿಟ್ ಕೂಡ ಹೆಣಗಳ ಮುಂದೆ ನಿಲ್ಲುತ್ತಾನೆ. ಜೇಬು ತಡಕುವುದಕ್ಕೆ. ಒಂದು ಗುಂಡಿ ಒತ್ತಿದರೆ ಹೆಣದಿಂದ ನಾಣ್ಯ, ತೋಟಾ, ಒಮ್ಮೊಮ್ಮೆ ತಿನ್ನುವ ಪದಾರ್ಥ ಸಿಗುತ್ತದೆ. ಕಸದ ತೊಟ್ಟಿಯಲ್ಲಿ ಸಿಕ್ಕಿದ ತಿಂಡಿಯನ್ನೂ ಅವನು ಅಲ್ಲೇ ತಿಂದು ಗಾಯ ಮಾಯಿಸಿಕೊಳ್ಳುತ್ತಾನೆ. ಪಾಪಪ್ರಜ್ಞೆಯಿಂದ ಬೇಯುತ್ತಿರುವವನೆಂದು ಕಥೆ ನಮಗೆ ಹೇಳುವ ಈ ಮನುಷ್ಯನ ದಿನಚರಿ ಇದು. ಹೋಲಿಕೆ ಅತಿಯಾಯಿತೆಂದು ಯಾರಾದರೂ ಅನ್ನಬಹುದು. ಪಂಕ್ತಿಯಲ್ಲಿ ಕುಳಿತವರು ಪಕ್ಕದ ಎಲೆಯವರನ್ನು ನೋಡಲೇಬೇಕಾಗುತ್ತದೆ.

ಹುಡುಗಿಯ ಹೆಸರು ಎಲಿಜಬೆತ್. ಗೋಪುರವೊಂದರಲ್ಲಿ ಪುಸ್ತಕಗಳ ನಡುವೆ ಸೆರೆಯಲ್ಲಿ ಬೆಳೆದವಳು. ಲೋಕಲೋಕಗಳ ನಡುವಣ ಪರದೆಯನ್ನು ಹರಿದು ಆಚೆಯದನ್ನು ಈಚೆಗೆ ತರಬಲ್ಲವಳು. ಅವಳ ನಡೆನುಡಿಗಳನ್ನು ತಯಾರಿಸಲು ಪಟ್ಟ ಶ್ರಮ ಕಾಣುತ್ತದೆ. ಅವಳು ಗೋಡೆಗೆ ಒರಗುತ್ತಾಳೆ, ಬೊಂಬೆಗಳನ್ನು ಬಗ್ಗಿ ನೋಡುತ್ತಾಳೆ, ಸಮುದ್ರತೀರದ ಸಂತೋಷಕೂಟದಲ್ಲಿ ಅಪರಿಚಿತರ ನಡುವೆ ಕುಣಿಯುತ್ತಾಳೆ. ಮೊದಲ ಸಲ ಬುಕರ್ ಆಳುಗಳನ್ನು ಕೊಂದಾಗ ಬೆಚ್ಚಿ ಓಡಿಹೋಗುತ್ತಾಳೆ. ಇಲ್ಲಿ ಲೆವೀನರು ಸರಿಯಾದ ಬಾಗಿಲನ್ನೇ ತಟ್ಟಿದರು. ಕೊಲೆಯನ್ನು ಕಂಡು ಕಂಗೆಟ್ಟ ಜೀವವೊಂದನ್ನು ಪಕ್ಕದಲ್ಲಿಟ್ಟುಕೊಂಡು ಉಳಿದ ಆಟವನ್ನು ಆಡಿಸಿದ್ದರೆ ಪ್ರತಿಯೊಂದು ಗುಂಡಿಗೂ ಒಬ್ಬ ಸಾಕ್ಷಿ ಇರುತ್ತಿದ್ದಳು. ಆದರೆ ಕೆಲವೇ ನಿಮಿಷಗಳಲ್ಲಿ ಅವಳು ಸಮಾಧಾನಗೊಂಡು, ಹೋರಾಟದ ನಡುವೆ ತೋಟಾ ಹುಡುಕಿ ಬುಕರನಿಗೆ ಎಸೆಯತೊಡಗುತ್ತಾಳೆ. ಬಿಡುವಿನಲ್ಲಿ ನಾಣ್ಯ ಎಸೆಯುತ್ತಾಳೆ. ಶತ್ರುಗಳು ಅವಳನ್ನು ಮುಟ್ಟುವುದಿಲ್ಲ. ಗುಂಡು ಅವಳಿಗೆ ತಾಗುವುದಿಲ್ಲ. ಆಟಗಾರನಿಗೆ ತೊಂದರೆಯಾಗಬಾರದೆಂಬ ಈ ಅನುಕೂಲಕ್ಕಾಗಿ ಅವಳ ಜೀವಂತಿಕೆಯನ್ನು ಬೆಲೆಯಾಗಿ ತೆತ್ತಿದ್ದಾರೆ.

ಕೋವಿಯ ಜೊತೆಗೆ ಸೀಸೆಗಳಲ್ಲಿ ಬರುವ ವಿಗರ್ ಎಂಬ ಟಾನಿಕ್ಕುಗಳಿವೆ. ಕುಡಿದರೆ ಅಂಗೈಯಿಂದ ಬೆಂಕಿ ಹೊರಡುತ್ತದೆ, ಕಾಗೆಗಳ ಹಿಂಡು ಹೊರಡುತ್ತದೆ. ಜಾತ್ರೆಯಲ್ಲೇ ಇವುಗಳ ಪ್ರದರ್ಶನ ನಡೆದಿರುತ್ತದೆ. ಅಂಗೈಯಲ್ಲಿ ಬೆಂಕಿ ಸಿಗುವ ಊರಿನಲ್ಲಿ ಅಡಿಗೆಮನೆ ಹೇಗಿರುತ್ತದೆ, ಜಗಳ ಹೇಗಿರುತ್ತದೆ, ಕಾಯಿದೆ ಹೇಗಿರುತ್ತದೆ? ವಿಜ್ಞಾನಕಥೆಯ ಮೂಲಧರ್ಮ ಇಂಥ ಪ್ರಶ್ನೆಗಳನ್ನು ಕೇಳಿಕೊಳ್ಳುವುದು. ಮೊದಲ 'ಬಯೋಶಾಕ್' ಕೇಳಿಕೊಂಡಿತ್ತು. ಕಡಲಡಿಯ ರಾಪ್ಚರ್ ನಗರ ಹಾಳಾದದ್ದೇ ಅಂಥ ಔಷಧಗಳ ಚಟದಿಂದ. ಕೊಲಂಬಿಯಾದ ಜನರಾದರೋ ಸೀಸೆಗಳನ್ನು ಮಾರುತ್ತಾರೆ, ಬಳಸುವುದಿಲ್ಲ. ಹಿಂದಿನ ಆಟದಲ್ಲಿ ಇದ್ದವು, ಇಲ್ಲೂ ಇರಲಿ ಎಂದು ಇಟ್ಟಂತಿದೆ.

ಒಂದು ಕಡೆ ಮಾತ್ರ ಕೋವಿ ಅರ್ಥವತ್ತಾಗಿ ಮಾತಾಡುತ್ತದೆ ಎನ್ನದೆ ವಿಧಿಯಿಲ್ಲ. ವೀರರ ಭವನವೆಂಬ ವಸ್ತುಸಂಗ್ರಹಾಲಯದ ಪ್ರಕರಣ ಅದು. ವೂಂಡೆಡ್ ನೀ ಎಂಬಲ್ಲಿ 1890ರ ಡಿಸೆಂಬರ್ 29ರಂದು ಅಮೆರಿಕದ ಅಶ್ವದಳ ಲಕೋಟ ಜನರನ್ನು, ಹೆಂಗಸರು ಮಕ್ಕಳೆನ್ನದೆ, ಇನ್ನೂರೈವತ್ತಕ್ಕೂ ಮಿಕ್ಕಿ ಕೊಂದದ್ದು ಚರಿತ್ರೆ. ಆ ಕೊಲೆಯನ್ನು ಈ ಭವನದಲ್ಲಿ ರಟ್ಟಿನ ಬೊಂಬೆಗಳಿಂದ ಪರಾಕ್ರಮವಾಗಿ ತೋರಿಸಿದ್ದಾರೆ. ಅಲ್ಲಿ ಹೋರಾಡಿದ ಸ್ಲೇಟ್ ಎಂಬ ಮುದಿ ಸೈನಿಕನಿಗೆ ತನ್ನ ಬದುಕು ಬೊಂಬೆಯಾಟವಾದದ್ದು ಸಹಿಸದು. ತನ್ನ ಆಳುಗಳನ್ನು ಅವನು ಬುಕರನ ಕೋವಿಗೆ ಬೇಕೆಂದೇ ಒಡ್ಡುತ್ತಾನೆ. ರಟ್ಟಿನ ಯಂತ್ರದ ಕೈಯಲ್ಲಿ ಸಾಯುವುದಕ್ಕಿಂತ ನಿಜವಾದ ಸೈನಿಕನ ಕೈಯಲ್ಲಿ ಸಾಯಲಿ ಎಂದು. ಸುಡುತ್ತ ಸುಡುತ್ತ ಆಟಗಾರನಿಗೆ, ಈ ಬೊಂಬೆಗಳಿಗೂ ನಾನು ಬೀಳಿಸುತ್ತಿರುವವರಿಗೂ ಏನು ಅಂತರ ಎಂಬ ಅಳುಕು ಹುಟ್ಟುತ್ತದೆ. ಪ್ರಕರಣ ಮುಗಿಯುತ್ತದೆ, ಅಳುಕೂ ಮುಗಿಯುತ್ತದೆ. ಬಾಗಿಲಾಚೆ ಮತ್ತೆ ಮೊದಲಿನ ಸುರಿಮಳೆ.

ಇಲ್ಲಿಯವರೆಗೆ ಹೇಳಿದ್ದು ಕಲೆಯ ದೋಷ. ಇನ್ನು ಹೇಳಬೇಕಾದದ್ದು ಅದಕ್ಕಿಂತ ಗಂಭೀರವಾದದ್ದು. ಕೊಲಂಬಿಯಾದ ಬೆಳ್ಳಗಿನ ಬೀದಿಗಳ ಕೆಳಗೆ ಫಿಂಕ್ ಎಂಬ ಕಾರ್ಖಾನೆಯ ಧಣಿಯ ರಾಜ್ಯವಿದೆ. ಕೆಲಸವನ್ನು ಅಲ್ಲಿ ಹರಾಜು ಕೂಗುತ್ತಾರೆ. ಕಡಿಮೆ ಹೊತ್ತಿನಲ್ಲಿ ಮುಗಿಸುತ್ತೇನೆಂದು ಕೂಗಿದವನಿಗೆ ಕೂಲಿ. ಕರಿಯರು, ಐರಿಷರು, ಚೀನೀಯರು ಅಲ್ಲಿನ ಪ್ರಜೆಗಳು. ಅವರನ್ನು ಕಟ್ಟಿ ನಿಲ್ಲಿಸಿದವಳು ಡೇಸಿ ಫಿಟ್ಜ್‌ರಾಯ್ ಎಂಬ ಕರಿಯ ಹೆಂಗಸು. ಕಾಮ್‌ಸ್ಟಾಕನ ಮನೆಯಲ್ಲಿ ಊಳಿಗದವಳಾಗಿದ್ದು, ಅವನ ಹೆಂಡತಿಯನ್ನು ಕೊಂದಳೆಂಬ ಸುಳ್ಳು ಆರೋಪ ಹೊತ್ತು ಓಡಿದವಳು. ಲಾಟರಿಯ ವೇದಿಕೆಯನ್ನು ಕಂಡ ಆಟಗಾರನಿಗೆ ಅವಳ ಸಿಟ್ಟು ಏಕೆಂದು ಯಾರೂ ವಿವರಿಸಬೇಕಾಗಿಲ್ಲ.

ಅವಳಿಗೆ ಕೋವಿ ಬೇಕು. ಕೋವಿ ಮಾಡುವ ಚೆನ್ ಲಿನ್ ಎಂಬಾತ ಸತ್ತಿದ್ದಾನೆ. ಎಲಿಜಬೆತ್ ಪರದೆ ಹರಿಯುತ್ತಾಳೆ; ಆತ ಬದುಕಿರುವ ಬೇರೊಂದು ಲೋಕಕ್ಕೆ ದಾಟುತ್ತಾರೆ. ಅಲ್ಲಿ ಸಲಕರಣೆಗಳು ಸಿಗುವುದಿಲ್ಲ, ಮತ್ತೊಂದು ಲೋಕ. ಅಲ್ಲಿ ಕ್ರಾಂತಿಯಾಗಿಯೇ ಬಿಟ್ಟಿದೆ. ಎರಡು ಹರುಕುಗಳ ನಡುವೆ ಡೇಸಿ ಮನುಷ್ಯಳಿಂದ ಪಿಶಾಚಿಯಾಗಿದ್ದಾಳೆ. ಅವಳ ಜನ ಸುಲಿಯುತ್ತಾರೆ, ಸುಡುತ್ತಾರೆ, ಹೆಣಗಳ ತಲೆಚರ್ಮ ಕೀಳುತ್ತಾರೆ. ಅವಳು ಫಿಂಕನನ್ನು ಕೊಂದು, ಅವನ ರಕ್ತವನ್ನು ಮುಖಕ್ಕೆ ಬಳಿದುಕೊಂಡು, ಅವನ ಪುಟ್ಟ ಮಗನ ಕಡೆ ತಿರುಗುತ್ತಾಳೆ. ಎಲಿಜಬೆತ್ ಹಿಂದಿನಿಂದ ಕತ್ತರಿ ಚುಚ್ಚಿ ಅವಳನ್ನು ಕೊಲ್ಲುತ್ತಾಳೆ. ಕಾಮ್‌ಸ್ಟಾಕನಿಗೂ ಡೇಸಿಗೂ ಹೆಸರಿನಲ್ಲಿ ಬಿಟ್ಟರೆ ಬೇರೇನೂ ವ್ಯತ್ಯಾಸವಿಲ್ಲವೆಂಬ ಅರ್ಥದ ಮಾತನ್ನು ಬುಕರ್ ಆಡುತ್ತಾನೆ.

ಕ್ರಾಂತಿಕಾರರು ಕ್ರೂರಿಗಳಾಗುವುದಿಲ್ಲವೆ ಎಂದು ಕೇಳಬಹುದು. ಆಗುತ್ತಾರೆ, ಚರಿತ್ರೆಯಲ್ಲಿ ಉದಾಹರಣೆಗಳಿಗೆ ಬರವಿಲ್ಲ. ತುಳಿಸಿಕೊಂಡವನು ಯಾವ ಮೆಟ್ಟಿಲುಗಳನ್ನು ಇಳಿದು ತುಳಿಯುವವನಾದ ಎಂಬುದು ದೊಡ್ಡ ಲೇಖಕರನ್ನು ಕಾಡಿದ ವಸ್ತು. ಆದರೆ ಆ ಮೆಟ್ಟಿಲುಗಳನ್ನು ತೋರಿಸಬೇಕು. ಇಲ್ಲಿ ಮೆಟ್ಟಿಲುಗಳಿರಬೇಕಾದ ಕಡೆ ಒಂದು ಮಾಯದ ಪರದೆಯಿದೆ. ಈ ಕಡೆ ಒಬ್ಬ ಡೇಸಿ, ಆ ಕಡೆ ಇನ್ನೊಬ್ಬ ಡೇಸಿ. ನಡುವೆ ನಡೆದದ್ದನ್ನು ಬರೆಯುವ ಕಷ್ಟ ಲೇಖಕರಿಗೆ ತಪ್ಪಿತು. ತಪ್ಪಿದ ಮೇಲೆ ಆದ ಲಾಭವೆಂದರೆ, ಈವರೆಗೆ ಧಣಿಯ ಆಳುಗಳನ್ನು ಸುಡುತ್ತಿದ್ದ ಆಟಗಾರನಿಗೆ ಇನ್ನು ಮುಂದೆ ಕೂಲಿಕಾರರನ್ನು ಸುಡುವ ಪರವಾನಗಿ. ಸುಡುವ ಗುಂಡಿ ಅದೇ, ಬೀಳುವ ಹೆಣ ಅದೇ, ತಡಕುವ ಜೇಬೂ ಅದೇ; ಸಮವಸ್ತ್ರದ ಬಣ್ಣ ಮಾತ್ರ ಕೆಂಪು. ಇದನ್ನು ನಿಷ್ಪಕ್ಷಪಾತವೆಂದು ಹೊಗಳಿದವರಿದ್ದಾರೆ. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಸಮನಾಗಿ ಬುದ್ಧಿ ಹೇಳಿ ಜಗಲಿಯ ಮೇಲೆ ಕುಳಿತುಕೊಳ್ಳುವ ಯಜಮಾನರನ್ನು ನಾವೆಲ್ಲ ಕಂಡಿದ್ದೇವೆ. ಅವರದೂ ಇಂಥದೇ ನಿಷ್ಪಕ್ಷಪಾತ.

ಇದು ನನ್ನೊಬ್ಬನ ಕುಹಕವಲ್ಲ ಎಂಬುದಕ್ಕೆ ನಿರ್ಮಾಪಕರೇ ಸಾಕ್ಷಿ. 2014ರ ಮಾರ್ಚಿಯಲ್ಲಿ ಬಂದ 'ಬರಿಯಲ್ ಅಟ್ ಸೀ' ಎಂಬ ಅನುಬಂಧದ ಎರಡನೆಯ ಭಾಗದಲ್ಲಿ ಹೊಸದೊಂದು ದೃಶ್ಯ ಸೇರಿಸಿದರು. ಡೇಸಿಗೆ ಆ ಮಗುವನ್ನು ಕೊಲ್ಲುವ ಮನಸ್ಸಿರಲೇ ಇಲ್ಲವಂತೆ; ಎಲಿಜಬೆತಳ ಕೈಯಿಂದ ಒಂದು ಕೊಲೆ ನಡೆಯಬೇಕಾಗಿತ್ತೆಂದು ಬೇರೆಯವರು ಹೇಳಿಕೊಟ್ಟು ಆ ಬೆದರಿಕೆಯ ನಾಟಕ ಆಡಿಸಿದರಂತೆ. ಹರಿದ ಬಟ್ಟೆಗೆ ಹಾಕಿದ ಈ ತೇಪೆ ಹರುಕಿಗಿಂತ ದೊಡ್ಡದಾಗಿ ಕಾಣುತ್ತದೆ. ಮೊದಲು ಅವಳು ಕಾರಣವಿಲ್ಲದೆ ರಾಕ್ಷಸಿಯಾಗಿದ್ದಳು. ಈಗ ಬಿಳಿಯ ಹುಡುಗಿಯೊಬ್ಬಳು ದೊಡ್ಡವಳಾಗಲೆಂದು ಪ್ರಾಣ ಕೊಟ್ಟ ಸಾಧನವಾದಳು. ಅವಳದೇ ಆದ ಬದುಕು ಎರಡು ಪಾಠಗಳಲ್ಲೂ ಅವಳಿಗೆ ದೊರೆಯಲಿಲ್ಲ.

ಕಡೆಯ ಭಾಗವನ್ನು ಕುರಿತು ಬಂದಷ್ಟು ಹೊಗಳಿಕೆ ಇನ್ನಾವ ಭಾಗಕ್ಕೂ ಬಂದಿಲ್ಲ. ಗುಟ್ಟು ಇದು: ವೂಂಡೆಡ್ ನೀಯ ಪಾಪವನ್ನು ತೊಳೆದುಕೊಳ್ಳಲು ದೀಕ್ಷಾಸ್ನಾನಕ್ಕೆ ಹೋದ ಬುಕರ್ ಒಂದು ಲೋಕದಲ್ಲಿ ನೀರಿಗಿಳಿದ, ಇನ್ನೊಂದರಲ್ಲಿ ಹಿಂದೆ ಸರಿದ. ಇಳಿದವನು ಹೊಸ ಹೆಸರಿಟ್ಟುಕೊಂಡು ಕಾಮ್‌ಸ್ಟಾಕನಾದ. ಸರಿದವನು ಸಾಲಗಾರನಾಗಿ, 1893ರಲ್ಲಿ ತನ್ನ ಹಸುಗೂಸನ್ನು ಆ ಇನ್ನೊಬ್ಬ ತನಗೇ ಮಾರಿದ. ಆ ಕೂಸೇ ಎಲಿಜಬೆತ್. ಕೊನೆಗೆ ಕಣ್ಣು ಹಾಯುವವರೆಗೂ ದೀಪಸ್ತಂಭಗಳು, ಒಂದೊಂದೂ ಒಂದೊಂದು ಲೋಕದ ಬಾಗಿಲು. ಕಾಮ್‌ಸ್ಟಾಕ್ ಹುಟ್ಟದಂತಾಗಲೆಂದು ಮಗಳು ತಂದೆಯನ್ನು ಅದೇ ನೀರಿನಲ್ಲಿ ಮುಳುಗಿಸುತ್ತಾಳೆ. ಚಮತ್ಕಾರಕ್ಕೆ ಕೊರತೆಯಿಲ್ಲ. ಮುಂದಿನ ಗಂಟುಗಳನ್ನು ಹಿಂದೆಯೇ ಹಾಕಿಟ್ಟಿದ್ದ ಜಾಣ್ಮೆಯೂ ಮೆಚ್ಚತಕ್ಕದ್ದೇ. ಮುಂಗೈಯ ಮುದ್ರೆ ಏನೆಂಬುದು ತಿಳಿದಾಗ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ.

ಆದರೆ ಗಂಟು ಬಿಚ್ಚಿದ ಮೇಲೆ ಕೈಗೆ ಸಿಕ್ಕಿದ್ದೇನು? ಕೊಲಂಬಿಯಾ ಹುಟ್ಟಿದ್ದು ಒಬ್ಬ ಮನುಷ್ಯನ ಕೆಟ್ಟ ಮನಸ್ಸಾಕ್ಷಿಯಿಂದ. ಅವನು ಮುಳುಗಿದರೆ ಅದೂ ಮುಳುಗಿತು. ಹಾಗಾದರೆ ಲಾಟರಿಯ ಮುಂದೆ ನಗುತ್ತ ನಿಂತಿದ್ದ ಆ ಗೃಹಸ್ಥರು ಎಲ್ಲಿಂದ ಬಂದರು? ಅವರು ಕಾಮ್‌ಸ್ಟಾಕನ ಸೃಷ್ಟಿಯಲ್ಲವಷ್ಟೆ; ಬೂತ್‌ನ ಮೂರ್ತಿಗೆ ಕೈಮುಗಿಯುವವರನ್ನು ಅವನೊಬ್ಬನೇ ಹೆರಲಿಲ್ಲ. ಮೊದಲ ಗಂಟೆಯಲ್ಲಿ ಒಂದು ದೇಶದ ಕಥೆಯಾಗಿ ತೊಡಗಿದ್ದು ಕೊನೆಯ ಗಂಟೆಯಲ್ಲಿ ಒಂದು ಮನೆಯ ಕಥೆಯಾಗಿ ಮುಗಿಯುತ್ತದೆ. ತಂದೆ ಮಗಳ ದುಃಖ ದೊಡ್ಡದು, ನಿಜ. ಆ ದುಃಖವನ್ನು ತೋರಿಸಲು ವೂಂಡೆಡ್ ನೀಯ ಹೆಣಗಳನ್ನೂ ವೇದಿಕೆಯ ಮೇಲೆ ಕಟ್ಟಿ ನಿಲ್ಲಿಸಿದ ಆ ಜೋಡಿಯನ್ನೂ ಕಂಪನಿ ನಾಟಕದ ಸೀನರಿಯಂತೆ ಹಿಂದೆ ಇಳಿಬಿಟ್ಟು, ಕೆಲಸವಾದ ಮೇಲೆ ಸುತ್ತಿಟ್ಟದ್ದು ನನಗೆ ಒಪ್ಪಿಗೆಯಿಲ್ಲ. ಲೋಕಗಳು ಎಣಿಕೆಗೆ ಮೀರಿದ್ದರೆ ಸತ್ತ ಚೆನ್ ಲಿನ್ ಪಕ್ಕದ ಲೋಕದಲ್ಲಿ ಸಿಗುತ್ತಾನೆ, ಅಲ್ಲಿ ಅವನು ಬೇಡವಾದರೆ ಅದರಾಚೆಗೆ ಮತ್ತೊಬ್ಬ. ಯಾವ ಸಾವಿಗೂ ತೂಕವಿಲ್ಲ. ಆಟದ ಹೆಸರಿನಲ್ಲಿರುವ ಅನಂತ ಆಟಗಾರನಿಗೆ ಕೊಟ್ಟದ್ದು ಕಡೆಗೆ ಈ ಹಗುರವನ್ನು.

ಇಷ್ಟಾದರೂ ಅಷ್ಟು ಹೊಗಳಿಕೆ ಬಂದದ್ದೇಕೆ? ಚಲನಚಿತ್ರಗಳ ವಿಮರ್ಶಕರಾದ ರೋಜರ್ ಈಬರ್ಟ್ 2010ರಲ್ಲಿ, ವಿಡಿಯೋ ಆಟಗಳು ಎಂದಿಗೂ ಕಲೆಯಾಗಲಾರವು ಎಂದು ಬರೆದು ದೊಡ್ಡ ಗಲಾಟೆಯನ್ನು ಎಬ್ಬಿಸಿದ್ದರು. ಅವರು ತೀರಿಕೊಂಡದ್ದು ಈ ಆಟ ಬಂದ ಒಂಬತ್ತು ದಿನಗಳ ಮೇಲೆ, 2013ರ ಏಪ್ರಿಲ್ 4ರಂದು. ಆ ಕೆಲವು ವರ್ಷ ಆಟಗಳನ್ನು ಪ್ರೀತಿಸುವವರೆಲ್ಲ ಅವರಿಗೆ ತೋರಿಸಲು ಒಂದು ಕೃತಿಯನ್ನು ಹುಡುಕುತ್ತಿದ್ದರು. ಚರಿತ್ರೆಯಿದ್ದ, ತತ್ತ್ವವಿದ್ದ, ಒಳ್ಳೆಯ ಸಂಗೀತವಿದ್ದ ಆಟ ಕಂಡಾಗ, ಇಗೋ ಇದು ಎಂದು ಎತ್ತಿ ಹಿಡಿದದ್ದು ಸಹಜ. ಕಾದಂಬರಿಯೂ ಸಿನಿಮಾವೂ ಹೊಸತಾಗಿದ್ದಾಗ ಹೀಗೆಯೇ ದೊಡ್ಡ ಮಾತುಗಳ ಅಂಗಿಯನ್ನು ಸಾಲ ತಂದು ತೊಟ್ಟುಕೊಂಡಿದ್ದವು. ಅದಕ್ಕೆ ಆಟಗಾರರನ್ನು ನಾನು ದೂರಲಾರೆ. ವಿಮರ್ಶಕರು ಮಾತ್ರ ಅಂಗಿಯನ್ನೇ ಮೈಯೆಂದು ಬರೆಯಬೇಕಾಗಿರಲಿಲ್ಲ.

ಇದೇ ಪ್ರಕಾರದಲ್ಲಿ ನುಡಿಯೂ ನಡೆಯೂ ಕೂಡಿಬಂದ ಆಟಗಳು ಆ ಹೊತ್ತಿಗಾಗಲೇ ಇದ್ದವು. ಲೆವೀನರದೇ ಮೊದಲ 'ಬಯೋಶಾಕ್', 2007ರದು. ಹಾಕಿಂಗರ ಆಕ್ಷೇಪ ಅದಕ್ಕೆ ತಗಲುತ್ತದೆ, ನಿಜ. ಆದರೂ ಅದರ ನಡುಮಧ್ಯದಲ್ಲಿ ಒಂದು ಗಳಿಗೆಯಿದೆ. ದಯಮಾಡಿ ಎಂಬ ಅರ್ಥದ ಸೌಜನ್ಯದ ಮಾತೊಂದನ್ನು ಕೇಳಿದ ಕೂಡಲೆ ಹೇಳಿದ್ದನ್ನೆಲ್ಲ ಮಾಡುವಂತೆ ಕಥಾನಾಯಕನನ್ನು ಪಳಗಿಸಲಾಗಿತ್ತು ಎಂದು ಅಲ್ಲಿ ತಿಳಿಯುತ್ತದೆ. ಜೊತೆಗೆ, ಹೇಳಿದ ಕಡೆ ಹೋಗಿ ಹೇಳಿದವರನ್ನು ಕೊಲ್ಲುತ್ತ ಬಂದ ಆಟಗಾರನಿಗೆ ತನ್ನ ವಿಧೇಯತೆಯೇ ಕಣ್ಣೆದುರು ನಿಲ್ಲುತ್ತದೆ. ಅದೇ ವರ್ಷದ 'ಪೋರ್ಟಲ್'ನಲ್ಲಿ ಕೈಯಲ್ಲೊಂದು ಕೋವಿಯೇನೋ ಇದೆ, ಆದ���ೆ ಅದು ಹಾರಿಸುವುದು ಗುಂಡನ್ನಲ್ಲ, ಬಾಗಿಲನ್ನು. ಗೋಡೆಯಲ್ಲಿ ಎರಡು ತೂತು ತೆರೆದು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರಬೇಕು. ಸೆರೆಯಿಂದ ತಪ್ಪಿಸಿಕೊಳ್ಳುವ ಕಥೆಗೆ ಇದಕ್ಕಿಂತ ತಕ್ಕ ಆಯುಧ ಯಾವುದು? 2013ರಲ್ಲೇ ಲೂಕಾಸ್ ಪೋಪ್ ಎಂಬೊಬ್ಬರು ತಯಾರಿಸಿದ 'ಪೇಪರ್ಸ್, ಪ್ಲೀಸ್' ಈ ಪ್ರಕಾರದ್ದಲ್ಲ, ಆದರೂ ನೆನಪಾಗುತ್ತದೆ. ಗಡಿಯ ಠಾಣೆಯ ಗುಮಾಸ್ತನಾಗಿ ಕುಳಿತು ಜನರ ಕಾಗದಪತ್ರ ನೋಡಿ ಮುದ್ರೆ ಒತ್ತುವುದಷ್ಟೇ ಅಲ್ಲಿ ಕೆಲಸ. ಹಿಂದೆ ಗಂಡ ದಾಟಿಹೋಗಿದ್ದಾನೆ, ಹೆಂಡತಿಯ ಕಾಗದದಲ್ಲಿ ಒಂದು ಕೊರತೆಯಿದೆ, ದಂಡ ತೆತ್ತರೆ ಮನೆಯಲ್ಲಿ ಮಗುವಿಗೆ ಔಷಧಿಯಿಲ್ಲ. ಮುದ್ರೆ ಹಿಡಿದ ಕೈ ನಡುಗುತ್ತದೆ. ತೇಲುವ ನಗರವಿಲ್ಲ, ತತ್ತ್ವದ ಮಾತಿಲ್ಲ, ಬಣ್ಣಗಳೂ ಮಾಸಿದವು.

ಇರ್ರ್ಯಾಷನಲ್ ಗೇಮ್ಸ್ ಸಂಸ್ಥೆಯ ಕಥೆಯೂ ಮುಗಿಯಿತು. 2014ರ ಫೆಬ್ರವರಿಯಲ್ಲಿ, ಆಟ ಬಂದು ವರ್ಷ ತುಂಬುವ ಮುನ್ನವೇ, ಲೆವೀನರು ಹದಿನೈದು ಮಂದಿಯನ್ನು ಉಳಿಸಿಕೊಂಡು ಮಿಕ್ಕವರೆಲ್ಲರನ್ನೂ ಬಿಡುಗಡೆ ಮಾಡುವುದಾಗಿ ಸಾರಿದರು. ಆ ಬೀದಿಗಳನ್ನು ಬರೆದ ಚಿತ್ರಕಾರರೂ ಎಲಿಜಬೆತಳ ಕಣ್ಣು ಕದಲಿಸಿದ ಕುಶಲಿಗಳೂ ಬೇರೆ ಬೇರೆ ಕಡೆ ಚೆದುರಿದರು. ಅವರ ಕೆಲಸದ ಬಗೆಗೆ ನನ್ನ ತಕರಾರಿಲ್ಲ; ಅವರು ಕಟ್ಟಿದ ಊರಿಗೆ ತಕ್ಕ ಕಥೆ ಸಿಗಲಿಲ್ಲವೆಂಬುದೇ ನನ್ನ ದುಃಖ.

ಆ ಊರಿನ ಕೊಳೆಗೇರಿಯಲ್ಲಿ ಒಂದು ಹೆಂಡದಂಗಡಿಯಿದೆ. ಅದರ ನೆಲಮಾಳಿಗೆಗೆ ಇಳಿದರೆ ಮೂಲೆಯಲ್ಲೊಂದು ಗಿಟಾರು. ಮುಟ್ಟಿದರೆ ಬುಕರ್ ಕುಳಿತು ಅದನ್ನು ಮಿಡಿಯುತ್ತಾನೆ. ಎಲಿಜಬೆತ್ ಹಳೆಯ ಭಕ್ತಿಗೀತೆಯೊಂದನ್ನು ಹಾಡುತ್ತಾಳೆ. ಮೆಟ್ಟಿಲ ಕೆಳಗೆ ಅಡಗಿ ಕುಳಿತ ಹಸಿದ ಮಗುವೊಂದಕ್ಕೆ ಹಾಡುತ್ತಲೇ ಒಂದು ಹಣ್ಣನ್ನು ಚಾಚುತ್ತಾಳೆ. ಇದರಿಂದ ನಾಣ್ಯವಿಲ್ಲ, ತೋಟಾ ಇಲ್ಲ. ಕಥೆ ಮುಂದುವರಿಯಲು ಇದು ಬೇಕಾಗಿಯೂ ಇಲ್ಲ. ಅವಸರದಲ್ಲಿ ಹೋಗುವವರು ಗಿಟಾರನ್ನು ಗಮನಿಸದೆಯೇ ಮೇಲೆ ಹತ್ತಿಬಿಡುತ್ತಾರೆ. ಕುಳಿತು ಕೇಳಿದವರೂ ಹಾಡು ಮುಗಿದ ಮೇಲೆ ಏಳಬೇಕು. ಎದ್ದ ಕೂಡಲೆ ಪರದೆಯ ಬಲಗಡೆಯಿಂದ ಕೋವಿ ಮೇಲೆ ಬರುತ್ತದೆ.